ನಮ್ಮ ಮನೆಯ ಥಂಬ್

ನಮ್ಮ ಮನೆಗೆ ರೇಷನ್ ತರುವುದು ನನ್ನ ಕೆಲಸವಾಗಿತ್ತು. ಅಕ್ಕಿಯ ಚೀಲ ಹೊರುವಷ್ಟು ಗಟ್ಟಿಗಿತ್ತಿ ನಾನೆಂದಲ್ಲ. ಮನೆಯಲ್ಲಿ ಬೆರಳಿಗೆ ಗೆರೆ ಉಳಿದಿದ್ದವಳು ನಾನೊಬ್ಬಳೇ. ಅಪ್ಪನ ಹೆಬ್ಬೆರಳನ್ನು ಅಂಗಡಿಯ ಮಷೀನು ಮಳೆಗಾಲದಲ್ಲಿ ಒಮ್ಮೊಮ್ಮೆ ಒಪ್ಪುತ್ತಿತ್ತು, ಬೇಸಿಗೆಯಲ್ಲಿ ಇಲ್ಲವೇ ಇಲ್ಲ. ಅವ್ವನದನ್ನು ಯಾವ ಕಾಲದಲ್ಲೂ ಒಪ್ಪಲಿಲ್ಲ. ಅವಳು ಸೆರಗಿಗೆ ಒರೆಸಿ, ತಲೆಗೂದಲಿಗೆ ತಿಕ್ಕಿ, ಮತ್ತೆ ಒತ್ತಿ, ಹಿಂದೆ ಪಾಳಿಯಲ್ಲಿ ನಿಂತವರು ಗೊಣಗುವವರೆಗೂ ಒತ್ತಿ, ಕೊನೆಗೆ ಬರಿಗೈಯಲ್ಲಿ ಮನೆಗೆ ಬರುತ್ತಿದ್ದಳು. ಟಿಕೋಟಾದ ಆ ರೇಷನ್ ಅಂಗಡಿಯವರು ನಮ್ಮ ಓಣಿಯವರೇ, ನಾನು ಅವರಿಗೆ ಕಾಕಾ ಅನ್ನುತ್ತೇನೆ. "ನೀವ್ಯಾಕ ಬಂದ್ರಿ ವೈನಿ, ಹುಡುಗಿನ್ನ ಕಳಸ್ರಿ. ನಿಮ್ಮನಿ ಥಂಬ್ ಆಕೀನಽ ಅಲ್ಲೇನು" ಎಂದು ಅವರು ಒಮ್ಮೆ ಅಂದದ್ದು ಓಣಿಯಲ್ಲಿ ನನ್ನ ಅಡ್ಡಹೆಸರೇ ಆಯಿತು.

ಉಳಿದವರ ಗೆರೆ ಎಲ್ಲಿ ಹೋದವು ಎಂದು ನಮ್ಮ ಕಡೆಯವರು ಯಾರೂ ಕೇಳುವುದಿಲ್ಲ. ನಮ್ಮದು ಸಣ್ಣದೊಂದು ದ್ರಾಕ್ಷಿ ತೋಟ. ಹಣ್ಣನ್ನು ಹಾಗೇ ಮಾರದೆ ಒಣಗಿಸಿ ಮಣೂಕ ಮಾಡುತ್ತೇವೆ. ಕೊಯ್ದ ಗೊನೆಗಳನ್ನು ಕ್ರೇಟಿಗೆ ತುಂಬಿ, ಪೊಟ್ಯಾಶಿನ ಬಿಳಿ ಪುಡಿಯನ್ನೂ ಅದಕ್ಕೆಂದೇ ಸಿಗುವ ಎಣ್ಣೆಯನ್ನೂ ಕಲಸಿದ ನೀರಿನ ಟಾಕಿಯಲ್ಲಿ ಅದ್ದಿ ತೆಗೆದು, ಶೆಡ್ಡಿನ ಬಲೆಗಳ ಮೇಲೆ ಹರವಬೇಕು. ಆ ನೀರು ಹಣ್ಣಿನ ಸಿಪ್ಪೆಯ ಮೇಲಿನ ಮೇಣವನ್ನು ಬಿಡಿಸುತ್ತದೆ, ಇಲ್ಲದಿದ್ದರೆ ದ್ರಾಕ್ಷಿ ಬೇಗ ಒಣಗುವುದಿಲ್ಲ. ಸಿಪ್ಪೆ ಯಾವುದು, ಮನುಷ್ಯರ ಚರ್ಮ ಯಾವುದು ಎಂದು ಆ ನೀರಿಗೆ ಏನು ಗೊತ್ತು? ಹಂಗಾಮು ಮುಗಿಯುವಷ್ಟರಲ್ಲಿ ಬೆರಳ ತುದಿಗಳು ಸುಲಿದು, ಕೆಂಪಾಗಿ, ತೊಳೆದ ಆಲೂಗಡ್ಡೆಯಷ್ಟು ನುಣ್ಣಗಾಗಿರುತ್ತವೆ. ಶೆಡ್ಡಿನ ಕಂಬಕ್ಕೆ ರಬ್ಬರ್ ಗ್ಲೌಸುಗಳು ನೇತುಬಿದ್ದಿರುತ್ತವೆ ನಿಜ. ಅವ್ವ ಹಾಕುವುದಿಲ್ಲ. ಗೊನೆಯ ಒಳಗಿನ ಕಾಯಿಗೂ ನೀರು ಮುಟ್ಟಿತೋ ಇಲ್ಲವೋ ಎಂಬುದು ಬರಿಗೈಗೆ ಮಾತ್ರ ತಿಳಿಯುತ್ತದೆ ಎಂದು ಅವಳ ವಾದ. ಈ ವಿಷಯದಲ್ಲಿ ಅವಳೊಂದಿಗೆ ಜಗಳವಾಡಿ ಗೆದ್ದವರಿಲ್ಲ.

ನಾನು ಓದಿನ ನೆಪದಲ್ಲಿ ಆ ಟಾಕಿಯಿಂದ ತಪ್ಪಿಸಿಕೊಂಡು ಬೆಳೆದವಳು. ಕಾಲೇಜು ವಿಜಯಪುರದಲ್ಲಿ, ದಿನವೂ ಬಸ್ಸು. ಆದರೆ ಹಂಗಾಮಿನ ಮೊದಲ ಕ್ರೇಟನ್ನು ಅದ್ದುವವಳು ನಾನೇ ಆಗಬೇಕಿತ್ತು. ಚಿಕ್ಕವಳಿದ್ದಾಗ ಆಟಕ್ಕೆಂದು ಒಂದು ಕ್ರೇಟು ಅದ್ದಿದ್ದೆನಂತೆ, ಆ ವರ್ಷದ ಮಣೂಕ ಬಂಗಾರದ ಬಣ್ಣಕ್ಕೆ ಬಂದಿತ್ತಂತೆ. ಅವತ್ತಿನಿಂದ ಅಪ್ಪನಿಗೂ ಅವ್ವನಿಗೂ ನನ್ನ ಕೈಗುಣದ ಹುಚ್ಚು ಹಿಡಿಯಿತು. ವಿಜ್ಞಾನ ಓದಿದವಳು ನಾನು, ನಗುತ್ತಿದ್ದೆ. ನಗುತ್ತಲೇ ಪ್ರತಿ ವರ್ಷ ಒಂದು ಕ್ರೇಟು ಅದ್ದಿ, ಕೈ ತೊಳೆದುಕೊಂಡು ಬಸ್ಸು ಹಿಡಿಯುತ್ತಿದ್ದೆ.

ಕಾಲೇಜು ಮುಗಿದ ಮೇಲೆ ನನಗೆ ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಅಂತರ್ಜಲದ ಬಗ್ಗೆ ಓದಲು ಸೀಟು ಸಿಕ್ಕಿತ್ತು. ಕಾಗದಪತ್ರ ತಡವಾಗಿ ಅದನ್ನು ಒಮ್ಮೆ, ಒಂದು ವರ್ಷದ ಮಟ್ಟಿಗೆ ಮುಂದೂಡಿಸಿಕೊಂಡಿದ್ದೆ. ಇನ್ನೊಂದು ಸಲ ಮುಂದೂಡಲು ಆಗುವುದಿಲ್ಲ, ತರಗತಿ ಶುರುವಾಗುವ ಮುಂಚೆ ಬರದಿದ್ದರೆ ಸೀಟು ಬೇರೆಯವರಿಗೆ ಎಂದು ಸ್ಪಷ್ಟವಾಗಿ ತಿಳಿಸಿದ್ದರು. ಉಳಿದಿದ್ದದ್ದು ವೀಸಾ. ಅದಕ್ಕೆ ಬೆಂಗಳೂರಿನ ಅರ್ಜಿ ಕೇಂದ್ರಕ್ಕೆ ಹೋಗಿ ಫೋಟೋ ತೆಗೆಸಿ, ಗಾಜಿನ ಮೇಲೆ ಹತ್ತೂ ಬೆರಳು ಒತ್ತಿ ಬರಬೇಕು. ಬಯೋಮೆಟ್ರಿಕ್ ಎಂದು ಕರೆಯುವುದು ಇದನ್ನೇ. ನಾನು ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಬೆರಳಿಗೆ ಮೆಹಂದಿ ಇರಬಾರದು, ಗಾಯ ಇರಬಾರದು. ಬಬಲೇಶ್ವರದಲ್ಲಿ ಚಿಗವ್ವನ ಮಗಳ ಮದುವೆಯಾದಾಗ ಎಲ್ಲರೂ ಕೈಚಾಚಿ ಕುಳಿತಿದ್ದರೆ ನಾನೊಬ್ಬಳು ಮೆಹಂದಿ ಒಲ್ಲೆ ಎಂದು ಹಟ ಹಿಡಿದು, ಮದುಮಗಳು ಮುಖ ಊದಿಸಿಕೊಳ್ಳುವಂತೆ ಮಾಡಿದ್ದೆ. ಅಷ್ಟು ಹುಷಾರಿ ನಾನು. ದ್ರಾಕ್ಷಿಯ ಟಾಕಿಯಲ್ಲಿ ಕೈ ಹಾಕಬಾರದು ಎಂದು ಮಾತ್ರ ಆ ನಿಯಮಗಳಲ್ಲಿ ಯಾರೂ ಬರೆದಿರಲಿಲ್ಲ.

ಮೊದಲ ಕೊಯ್ಲಿನ ದಿನ ಅವ್ವ ಹೇಳಿದಳು. "ಬರೂ ವರ್ಷ ನೀ ಇರೂದಿಲ್ಲ. ಈ ಸಲ ಬರೇ ಒಂದು ಕ್ರೇಟ್ ಯಾಕ? ಮೊದಲನೇ ಕೊಯ್ಲು ಪೂರ್ತಿ ನಿನ್ನ ಕೈಲೇ ಆಗಲಿ."

"ಗ್ಲೌಸ್ ಕೊಡು ಹಂಗಾರ" ಅಂದೆ.

"ಗ್ಲೌಸ್ ಹಾಕ್ಕೊಂಡ್ರ ಅದು ಗ್ಲೌಸಿನ ಗುಣಾ ಆಗ್ತೈತಿ, ನಿಂದೆಲ್ಲಿ ಬಂತು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಊರು ಬಿಡುವ ಹುಡುಗಿಗೆ ಇಂಥದ್ದೆಲ್ಲ ಇಷ್ಟವಾಗುತ್ತದೆ. ಮೊದಲ ಕೊಯ್ಲು ಮುಗಿಯುವವರೆಗೆ ಮೊಣಕೈವರೆಗೂ ಆ ನೀರಿನಲ್ಲಿ ಕೈ ಅದ್ದಿಕೊಂಡೇ ಇದ್ದೆ. ಕೈ ಸ್ವಲ್ಪ ಉರಿಯುತ್ತಿತ್ತು. ಅವ್ವ ಕೊಬ್ಬರಿ ಎಣ್ಣೆ ಹಚ್ಚಿದಳು, ಉರಿ ತಣ್ಣಗಾಯಿತು. ಆಮೇಲೆ ಬೆರಳ ತುದಿಗಳು ಮೊದಲು ಬಿಳಿಚಿದವು, ನಂತರ ಪದರು ಪದರಾಗಿ ಏಳತೊಡಗಿದವು. ಬೆಂಗಳೂರಿನ ಬಸ್ಸಿನಲ್ಲಿ ಕುಳಿತು ಬೇಸರಕ್ಕೆ ನಾನೇ ಅವನ್ನು ಕಿತ್ತು ಕಿತ್ತು ಕಿಟಕಿಯಾಚೆ ಎಸೆದಿದ್ದೆ.

ಕೇಂದ್ರದಲ್ಲಿ ನನ್ನ ಮುಂದೆ ಕುಳಿತಿದ್ದ ಹುಡುಗಿ ನನ್ನದೇ ವಯಸ್ಸಿನವಳು. ಎಡಗೈಯ ನಾಲ್ಕು ಬೆರಳು ಇಡಿ ಅಂದಳು, ಇಟ್ಟೆ. ಪರದೆಯ ಮೇಲೆ ನಾಲ್ಕು ಬೂದು ಮಚ್ಚೆಗಳು ಮೂಡಿದವು, ಸುತ್ತ ಕೆಂಪು ಚೌಕ. ಇನ್ನೂ ಒತ್ತಿ ಅಂದಳು. ಒತ್ತಿದೆ. ಒದ್ದೆ ಕಾಗದದಿಂದ ಒರೆಸಿಕೊಳ್ಳಿ ಅಂದಳು. ಒರೆಸಿಕೊಂಡೆ. ಅವ್ವ ರೇಷನ್ ಅಂಗಡಿಯಲ್ಲಿ ಮಾಡುತ್ತಿದ್ದ ಹಾಗೆ ನಾನೂ ತಲೆಗೂದಲಿಗೆ ಬೆರಳು ತಿಕ್ಕಿದೆ, ಆ ಹುಡುಗಿ ವಿಚಿತ್ರವಾಗಿ ನೋಡಿದಳು. ಬಲಗೈ, ಎರಡೂ ಹೆಬ್ಬೆರಳು, ಮತ್ತೆ ಎಡಗೈ. ಎಲ್ಲ ಕೆಂಪು. ಅವಳು ಎದ್ದು ಹೋಗಿ ಹಿರಿಯರೊಬ್ಬರನ್ನು ಕರೆತಂದಳು. ಅವರು ನನ್ನ ಅಂಗೈಯನ್ನು ದೀಪಕ್ಕೆ ಹಿಡಿದು ನೋಡಿ, ಚರ್ಮ ಬೆಳೆದ ಮೇಲೆ ಹೊಸದಾಗಿ ಸಮಯ ತೆಗೆದುಕೊಂಡು ಬನ್ನಿ ಎಂದು ಮೆತ್ತಗೆ ಹೇಳಿದರು. ಸಿಟ್ಟು ಮಾಡಲೂ ಜಾಗವಿಲ್ಲದಷ್ಟು ಮೆತ್ತಗೆ.

ಹೊರಗೆ ಬಂದು ಫೋನಿನಲ್ಲಿ ಹುಡುಕಿದರೆ ಹೊಸ ಸಮಯ ಒಂದೂ ಖಾಲಿಯಿಲ್ಲ. ಆಮೇಲೆ ಯಾರೋ ರದ್ದು ಮಾಡಿದ ಜಾಗವೊಂದು ಸಿಕ್ಕಿತು. ಅದರಲ್ಲಿ ಬೆರಳು ಬಂದರೆ ವೀಸಾ ತಯಾರಾಗಿ ತರಗತಿಯ ಹೊತ್ತಿಗೆ ನಾನು ಅಲ್ಲಿರಬಹುದು, ಬರದಿದ್ದರೆ ಎಲ್ಲ ಮುಗಿಯಿತು. ನಡುವೆ ಕೆಲವೇ ವಾರ. ನನ್ನ ಹತ್ತು ಬೆರಳಿಗೆ ಅಷ್ಟರಲ್ಲಿ ಹೊಸ ಚರ್ಮ ಬರಬೇಕು, ಬಂದ ಚರ್ಮದ ಮೇಲೆ ಗೆರೆ ಮೂಡಬೇಕು. ಇದು ಪರೀಕ್ಷೆಯಾಗಿದ್ದರೆ ರಾತ್ರಿಯೆಲ್ಲ ಕುಳಿತು ಓದುತ್ತಿದ್ದೆ. ಚರ್ಮವನ್ನು ಹೇಗೆ ಓದಿಸುವುದು?

ಟಿಕೋಟಾಗೆ ಬಂದು ಇಳಿದವಳೇ ಸೀದಾ ಶೆಡ್ಡಿಗೆ ಹೋದೆ. ಅವ್ವ ಟಾಕಿಯ ಮುಂದಿದ್ದಳು. ನನ್ನ ಎರಡೂ ಅಂಗೈಗಳನ್ನು ಅವಳ ಮುಖದ ಮುಂದೆ ಹಿಡಿದೆ. "ನೋಡು. ನೋಡಿಲ್ಲೆ ನಿನ್ನ ಕೈಗುಣಾ. ಎಲ್ಲಾ ತೊಳಕೊಂಡು ಹೋತು. ಈಗ ಸಮಾಧಾನ ಆತಿಲ್ಲೋ?"

ಇನ್ನೂ ಬಾಯಿಗೆ ಬಂದಂತೆ ಅಂದೆ. ಶೆಡ್ಡಿನಲ್ಲಿದ್ದ ಹೆಣ್ಣಾಳುಗಳು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ತಿರುಗಿ ಒಂದಕ್ಕೆ ನಾಲ್ಕು ಅನ್ನುವವಳು ನಮ್ಮವ್ವ. ಅವತ್ತು ಮಾತ್ರ ಕೈ ಒರೆಸಿಕೊಂಡು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ನಂತರ ಅಪ್ಪನಿಗೆ ಹೇಳಿದಳು. "ಇವತ್ತಿನಿಂದ ಈಕಿ ಯಾವ ಕೆಲಸಕ್ಕೂ ಕೈ ಹಚ್ಚಂಗಿಲ್ಲ. ನೀರೂ ಮುಟ್ಟಂಗಿಲ್ಲ."

ಆಮೇಲೆ ಶುರುವಾಯಿತು ನನ್ನ ಪೂಜೆ. ಬೆಳಿಗ್ಗೆ ಹಾಲಿನ ಕೆನೆ, ಮಧ್ಯಾಹ್ನ ಲೋಳಸರದ ತಿರುಳು, ಸಂಜೆ ಬೆಣ್ಣೆ. ಹಚ್ಚಿದ್ದು ಒರೆಸಿ ಹೋಗದಂತೆ ಅಪ್ಪನ ಬಿಳಿ ಕಾಲುಚೀಲಗಳನ್ನು ತೊಳೆದು ನನ್ನ ಎರಡೂ ಕೈಗೆ ತೊಡಿಸಿ, ಮಣಿಕಟ್ಟಿಗೆ ದಾರ ಕಟ್ಟಿದರು. ಊಟವನ್ನು ಅವ್ವನೇ ತಿನ್ನಿಸುತ್ತಿದ್ದಳು. ಶೆಡ್ಡಿನಿಂದ ಓಡಿ ಬಂದು, ಕೈ ತೊಳೆದು, ರೊಟ್ಟಿ ಮುರಿದು ನನ್ನ ಬಾಯಿಗಿಟ್ಟು, ಮತ್ತೆ ಓಡುತ್ತಿದ್ದಳು. ಸುಲಿದ ಬೆರಳಿಗೆ ಖಾರ ತಾಗಿ ಅವಳು ಹಲ್ಲು ಕಚ್ಚುವುದು ನನಗೆ ಕಾಣುತ್ತಿತ್ತು. ಓಣಿಯ ಹೆಂಗಸರು ಬಾಗಿಲಲ್ಲಿ ಇಣುಕಿ, "ಏನವಾ, ನವರಾತ್ರಿ ದೇವಿ ಕೂಡಿಸಿದಂಗ ಕೂಡಿಸ್ಯಾಳಲ್ಲ ನಿಮ್ಮವ್ವ" ಎಂದು ನಗಾಡಿ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಂಗಾಮಿನ ನಡುವೆ ಇಡೀ ಮನೆ ನಡು ಮುರಿಯುವಂತೆ ದುಡಿಯುತ್ತಿರುವಾಗ ಕೈಗೆ ಕಾಲುಚೀಲ ತೊಟ್ಟು ಕೂತ ಹೆಣ್ಣುಮಗಳು ನಾನೊಬ್ಬಳೇ ಇರಬೇಕು ಈ ತಾಲ್ಲೂಕಿನಲ್ಲಿ.

ವಿಜಯಪುರದ ಚರ್ಮದ ಡಾಕ್ಟರು ಬೆರಳು ನೋಡಿ, ಬರುತ್ತದೆ, ಮೊದಲಿದ್ದ ಗೆರೆಯೇ ಬರುತ್ತದೆ ಅಂದರು. ಯಾವಾಗ ಎಂದೆ. ಅದನ್ನು ಹೇಳಲಾಗದು ಅಂದರು. ಒಂದು ಮುಲಾಮು ಕೊಟ್ಟರು. ಎಲ್ಲರೂ ಮೆತ್ತಗೆ ಮಾತಾಡುವವರೇ, ನನಗೆ ಬೇಕಾದ ಒಂದು ಮಾತು ಮಾತ್ರ ಯಾರ ಬಾಯಲ್ಲೂ ಇರಲಿಲ್ಲ.

ಬೆರಳು ಎಷ್ಟರ ಮಟ್ಟಿಗೆ ಬಂದಿದೆ ಎಂದು ತಿಳಿಯಲು ನಮಗಿದ್ದದ್ದು ಒಂದೇ ದಾರಿ, ರೇಷನ್ ಅಂಗಡಿ. ತಿಂಗಳ ಅಕ್ಕಿಯೂ ತರಬೇಕಿತ್ತು. ಅವ್ವ ನನ್ನನ್ನು ಕರೆದುಕೊಂಡು ಹೋಗಿ ಪಾಳಿಯಲ್ಲಿ ನಿಂತು, ನಮ್ಮ ಸರದಿ ಬಂದಾಗ ದಾರ ಬಿಚ್ಚಿ, ಕಾಲುಚೀಲ ತೆಗೆದು, ನನ್ನ ಹೆಬ್ಬೆರಳನ್ನು ತಾನೇ ಹಿಡಿದು ಮಷೀನಿನ ಮೇಲಿಟ್ಟಳು. ಮಷೀನು ಕೂಗಿತು, ಒಪ್ಪಲಿಲ್ಲ. ತೋರುಬೆರಳು ಇಟ್ಟೆ, ಅದನ್ನೂ ಒಪ್ಪಲಿಲ್ಲ. ಕಾಕಾ ಅವ್ವನದನ್ನೂ ಕೇಳಿದರು, ಅವಳದು ಬರುವ ಮಾತೇ ಇರಲಿಲ್ಲ.

"ಏನ್ರಿ ವೈನಿ, ನಿಮ್ಮ ಮನ್ಯಾಗ ಒಬ್ಬರಿಗೂ ಬಳ್ಳಽ ಇಲ್ಲೇನು" ಎಂದು ಅವರು ತಮಾಷೆಗೆ ಅಂದರು. ಪಾಳಿಯವರು ನಕ್ಕರು. ಅವ್ವ ನಗಲಿಲ್ಲ. ಕಾಕಾ ನನ್ನ ಮುಖ ನೋಡಿ, ಅಪ್ಪನ ಮೊಬೈಲಿಗೆ ಒಟಿಪಿ ನಂಬರು ಕಳಿಸಿ, ಫೋನ್ ಮಾಡಿ ಅದನ್ನು ಕೇಳಿ, ಮಷೀನಿಗೆ ಹಾಕಿ ಅಕ್ಕಿ ಕೊಟ್ಟರು. ರೇಷನ್ನಿಗೆ ಬೆರಳು ಬರದಿದ್ದರೆ ಈಗೀಗ ಮೊಬೈಲಿನ ದಾರಿಯೂ ಬಂದಿದೆ. ವೀಸಾಕ್ಕೆ ನನ್ನ ಪಾಲಿಗೆ ಅಂಥ ದಾರಿಯಿರಲಿಲ್ಲ. ಮನೆಗೆ ಬರುವಾಗ ಅವ್ವ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದಳು, ನಾನು ಬರಿಗೈ ಬೀಸಿಕೊಂಡು ಹಿಂದೆ. ಅವತ್ತು ನನಗೆ ಮೊದಲ ಸಲ ಇದು ಆಗುವುದಿಲ್ಲ ಅನ್ನಿಸಿತು. 

ಮನೆಯಲ್ಲಿದ್ದರೆ ನಾನು ಕೆಲಸಕ್ಕೆ ಕೈ ಹಚ್ಚದೆ ಬಿಡುವುದಿಲ್ಲ ಎಂದು ನನ್ನನ್ನು ಬಬಲೇಶ್ವರಕ್ಕೆ, ಚಿಗವ್ವನ ಮನೆಗೆ ಸಾಗಿಸಿದರು. ಅಲ್ಲಿ ತೋಟವಿಲ್ಲ, ಶೆಡ್ಡಿಲ್ಲ, ಮಾಡಲು ಏನೂ ಇಲ್ಲ. ಕಟ್ಟೆಯ ಮೇಲೆ ಕುಳಿತು ಕಾಖಂಡಕಿಗೆ ಹೋಗುವ ಬಸ್ಸು ನೋಡುವುದು, ಬರುವ ಬಸ್ಸು ನೋಡುವುದು. ಬಿಸಿಲಿಗೆ ಬೆರಳು ಹಿಡಿದು ಗೆರೆ ಹುಡುಕುವುದು. ಒಂದು ಬೆಳಿಗ್ಗೆ ಬಲಗೈಯ ತೋರುಬೆರಳಿನಲ್ಲಿ ಸಣ್ಣ ಸುಳಿಯೊಂದು ಕಂಡಿತು. ಚಿಗವ್ವನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, "ಐತಿ ಐತಿ, ಬರಾಕತ್ತೈತಿ" ಅಂದಳು. ಅವಳು ನನ್ನ ಸಮಾಧಾನಕ್ಕೆ ಅಂದಳೋ ಖರೆ ಕಂಡಿತೋ ದೇವರೇ ಬಲ್ಲ. ನಾನು ಇಡೀ ದಿನ ಆ ಒಂದು ಬೆರಳನ್ನು ಮಡಿಚದೆ ಇದ್ದೆ.

ಮರುದಿನ ಮೋಡ ಕಟ್ಟಿತು. ಆ ಕಾಲದಲ್ಲಿ ಮಳೆ ಬರಬಾರದು, ಬಂದರೆ ಕೊಯ್ದ ಹಣ್ಣಿಗೆ ಉಳಿಗಾಲವಿಲ್ಲ. ಅಪ್ಪನಿಗೆ ಫೋನ್ ಮಾಡಿದೆ. ಮುಂಜಾನೆಯೇ ಹಣ್ಣು ಕೊಯ್ದು ಕ್ರೇಟಿಗೆ ತುಂಬಿಸಿದ್ದರಂತೆ. ಮೋಡ ನೋಡಿ ಆಳುಗಳು ತಂತಮ್ಮ ಹೊಲಕ್ಕೆ ಓಡಿದ್ದರಂತೆ. ಕ್ರೇಟುಗಳು ಹಾಗೇ ಇವೆ, ಅದ್ದುವವರಿಲ್ಲ. "ನೀ ಬರಬ್ಯಾಡ" ಎಂದು ಅಪ್ಪ ಇಟ್ಟುಬಿಟ್ಟ. ಬರಬ್ಯಾಡ ಅಂದರೆ ಕೂತಿರಲು ಆಗುತ್ತದೆಯೇ? ಚಿಗವ್ವ ಕೂಗುತ್ತಿದ್ದಂತೆ ಬಸ್ಸು ಹತ್ತಿದೆ.

ಶೆಡ್ಡಿನಲ್ಲಿ ಅಪ್ಪ ಏಣಿಯ ಮೇಲೆ ನಿಂತು ತಾಡಪತ್ರಿ ಕಟ್ಟುತ್ತಿದ್ದ. ಅವ್ವ ಒಬ್ಬಳೇ ಟಾಕಿಯ ಬಳಿ. ಅದ್ದಬೇಕು, ಎತ್ತಬೇಕು, ಹೊತ್ತು ಹೋಗಿ ಬಲೆಗೆ ಹರವಬೇಕು. ಅವಳ ಹಿಂದೆ ಕ್ರೇಟುಗಳ ಸಾಲು ಬಾಗಿಲವರೆಗೂ ಇತ್ತು. ನಾನು ದಾರ ಬಿಚ್ಚಿ ಕಾಲುಚೀಲ ತೆಗೆದು, ಕಂಬದ ಗ್ಲೌಸಿಗೆ ಕೈ ಹಾಕಿದೆ. ಒಂದು ಹರಿದಿತ್ತು, ಇನ್ನೊಂದರ ಒಳಗೆ ಹಳೆಯ ನೀರು ನಿಂತಿತ್ತು. ಇರಲಿ ಎಂದು ಬರಿಗೈಯಲ್ಲೇ ಒಂದು ಕ್ರೇಟು ಎಳೆದೆ.

ಅವ್ವ ಬಂದು ನನ್ನ ರಟ್ಟೆ ಹಿಡಿದು ಹಿಂದೆ ನೂಕಿದಳು. "ಕೈ ಹಚ್ಚಿದಿ ಅಂದ್ರ ನನ್ನ ಮ್ಯಾಲ ಆಣಿ ಐತಿ ನೋಡು."

"ಹಣ್ಣು ಹಾಳಾಗತಾವ ಬೇ."

"ಆಗ್ಲಿ."

"ಒಬ್ಬಾಕಿ ಎಷ್ಟಂತ ಮಾಡ್ತಿ? ನಂದು ಬರೂದಿಲ್ಲ, ಬಿಡು. ಸೀಟೂ ಬ್ಯಾಡ ಏನೂ ಬ್ಯಾಡ. ಸಾಕಾಗೇತಿ ನನಗ."

"ನಿನಗ ಸಾಕಾಗಿರಬಹುದು. ನನಗ ಆಗಿಲ್ಲ" ಅಂದಳು. "ಅಲ್ಲಿ ನಿಂದರು. ಕೈ ಕಂಕುಳದಾಗ ಇಟ್ಕೋ."

ನಿಂತೆ. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕಂಬಕ್ಕೊರಗಿ ನಿಂತೆ. ಅವ್ವ ಅದ್ದಿದಳು, ಎತ್ತಿದಳು, ಹೊತ್ತಳು. ನಾಲ್ಕು ಹನಿ ಬಿದ್ದವು, ನಿಂತವು, ಮತ್ತೆ ಬಿದ್ದವು. ಅವಳು ಬೆರಳಾಡಿಸಿ ಗೊನೆ ಬಿಡಿಸುವುದು, ಒಳಗಿನ ಕಾಯಿಯನ್ನು ಮುಟ್ಟಿ ನೋಡುವುದು ಅವತ್ತೂ ಬಿಡಲಿಲ್ಲ. ಕೊನೆಕೊನೆಗೆ ಕ್ರೇಟಿನ ಹಿಡಿಯಲ್ಲಿ ಕೆಂಪು ಕಾಣತೊಡಗಿತು. ನಾನು ಅತ್ತೆ, ಜೋರಾಗಿಯೇ ಅತ್ತೆ. ಕಣ್ಣೊರೆಸಿಕೊಳ್ಳಲೂ ಕೈ ತೆಗೆಯಲಿಲ್ಲ. ಹೋಗಲಿ ಬಾ ಎಂದು ಅವಳು ಒಮ್ಮೆ ಅಂದಿದ್ದರೆ ಆ ಟಾಕಿಯೊಳಗೇ ಇಳಿದುಬಿಡುತ್ತಿದ್ದೆ. ಅವಳು ಅನ್ನಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಸಾಲಿನ ಬಾಲದ ಕೆಲವು ಕ್ರೇಟುಗಳು ಉಳಿದವು, ಅವು ಹೋದವು.

ಎರಡನೇ ಸಲ ಬೆಂಗಳೂರಿಗೆ ಅವ್ವನೂ ಬಂದಳು. ನಾನು ದಾರಿಯಲ್ಲಿ ಚರ್ಮ ಕೀಳದಂತೆ ಕಾಯುವುದಕ್ಕೆ ಅಂದಳು. ಕೇಂದ್ರದೊಳಗೆ ಜೊತೆಯವರನ್ನು ಬಿಡುವುದಿಲ್ಲ, ಹೊರಗೆ ಮರದ ಕೆಳಗಿನ ಕಟ್ಟೆಯ ಮೇಲೆ ಕೂತಳು. ಒಳಗೆ ಈ ಸಲ ಬೇರೆ ಹುಡುಗಿ. ಎಡಗೈ ಇಟ್ಟೆ. ಕೆಂಪು.  ತೆಗೆದು ಮತ್ತೆ ಇಡಿ ಅಂದಳು. ಮೂರು ಚೌಕ ಹಸಿರಾದವು, ಕಿರುಬೆರಳು ಕೆಂಪು. ಮತ್ತೆ. ಬಲಗೈಯ ಉಂಗುರಬೆರಳು ಬಹಳ ಸತಾಯಿಸಿತು, ಅದನ್ನು ಆ ಹುಡುಗಿ ತಾನೇ ಎದ್ದು ಬಂದು ನನ್ನ ಕೈ ಮೇಲೆ ಕೈಯಿಟ್ಟು ಒತ್ತಿದಳು. ಹೆಬ್ಬೆರಳುಗಳು ಒಂದೇ ಸಲಕ್ಕೆ ಬಂದವು. ಆಯಿತು, ಹೋಗಿ ಅಂದಳು. ನಾನು ಅಲ್ಲೇ ನಿಂತಿದ್ದೆ. ಆಯಿತು ಎಂದು ಅವಳು ಇನ್ನೊಮ್ಮೆ ಹೇಳಬೇಕಾಯಿತು.

ಆಮೇಲೆ ವೀಸಾ ಬಂದದ್ದು, ತರಗತಿಯ ಹೊತ್ತಿಗೆ ನಾನು ಹೋಗಿ ಮುಟ್ಟಿದ್ದು ಎಲ್ಲ ಆಯಿತು. ಆದರೆ ನನಗೆ ಪದೇ ಪದೇ ನೆನಪಾಗುವುದು ಆ ಕಟ್ಟೆ.

"ತಗೊಂತೇನು?" ಎಂದು ಅವ್ವ ದೂರದಿಂದಲೇ ಕೇಳಿದಳು.

"ತಗೊಂತು ಬೇ. ಹತ್ತೂ."

ಅವಳು ಬುತ್ತಿಯ ಗಂಟು ಬಿಚ್ಚಿ, ರೊಟ್ಟಿ ಮುರಿದು ಶೇಂಗಾ ಹಿಂಡಿಗೆ ಅದ್ದಿ, ರೂಢಿಯಂತೆ ನನ್ನ ಬಾಯಿಗೆ ತಂದಳು. "ಇನ್ನ ನಾನಽ ತಿಂತೀನಿ" ಅಂದೆ. ಹೌದಲ್ಲ ಎಂದು ನಕ್ಕಳು. ಇಬ್ಬರೂ ತಿಂದೆವು. ತಿನ್ನುತ್ತಾ ತಿನ್ನುತ್ತಾ ಕೇಳಿದಳು.

"ಅಲ್ಲಿ ನಿನ್ನ ಓದು ಮುಗದು ಡಿಗ್ರಿ ಕೊಡೂ ಮುಂದ ಅವ್ವ ಅಪ್ಪನ್ನ ಕರೀತಾರಂತ ಅಂದಿದ್ದಿ. ನಾ ಬರಬೇಕಂದ್ರ ನನಗೂ ಹಿಂಗಽ ಹತ್ತೂ ಬಳ್ಳು ಕೇಳ್ತಾರೇನು?"

ಗೆರೆಯೇ ಇಲ್ಲದವರನ್ನು ಏನು ಮಾಡುತ್ತಾರೋ ನಾನು ಓದಿರಲಿಲ್ಲ. ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದವಳು, ಅದೊಂದನ್ನು ಹುಡುಕಿಯೂ ಇರಲಿಲ್ಲ. ಇಲ್ಲ ಅನ್ನಬೇಕು ಅಂದುಕೊಂಡೆ. ಬಾಯಿಗೆ ಬಂದದ್ದು ಬೇರೆ.

"ಕೇಳ್ತಾರ."

ಅವ್ವ ಒಮ್ಮೆ ತನ್ನ ಕೈ ನೋಡಿಕೊಂಡಳು. ಉಳಿದ ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತಿ ಗಂಟು ಹಾಕಲು ಹೋದಳು, ನುಣ್ಣನೆಯ ಬೆರಳಿಗೆ ಬಟ್ಟೆ ಸಿಗಲಿಲ್ಲ, ಜಾರಿತು. ನಾನು ಇಸಿದುಕೊಂಡು ಕಟ್ಟಿದೆ.

"ಹಂಗಾರ ನೀನಽ ಬರ್ತಿರು" ಅಂದಳು.